ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ವೃತ್ತಿಪೂರ್ವ ಪ್ರೌಢಶಿಕ್ಷಣ: ಒಂದು ಐತಿಹಾಸಿಕ ಸಮೀಕ್ಷೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗಕ್ಕೆ ಸೇರಿದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಅಡಿಕೆ, ಏಲಕ್ಕಿ, ಕಾಳುಮೆಣಸುಗಳಿಗೆ ಹೆಸರಾದವು. ಹೊರನಾಡಿಗೆ ಇಂಜಿನಿಯರರನ್ನೂ ಲೆಕ್ಕಪರಿಶೋಧಕರನ್ನೂ ಕಳುಹಿಸುವ ಸೀಮೆಯೆಂಬ ಇನ್ನೊಂದು ಹೆಸರೂ ಅವಕ್ಕೆ ಬಂದಿದೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಅಡಿಕೆಯ ಸಂಪತ್ತು ಮತ್ತು ಜನರ ಸಹಜವಾದ ವಿದ್ಯಾಪ್ರೇಮ ಎಂದು ಹೇಳಿ ಮುಗಿಸುವುದು ವಾಡಿಕೆ. ಈ ಉತ್ತರ ಅಸತ್ಯವಲ್ಲ, ಆದರೆ ಅಪೂರ್ಣವಾದುದು. ಹದಿನಾಲ್ಕರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ಯಂತ್ರವಿದ್ಯೆಗೂ ವ್ಯಾಪಾರವಿದ್ಯೆಗೂ ಅಣಿಗೊಳಿಸುವ ಶಿಕ್ಷಣ ಈ ಸೀಮೆಯಲ್ಲಿ ಯಾವ ಕ್ರಮದಲ್ಲಿ ಬಂದಿತು, ಅದರಲ್ಲಿ ಯಾವ ಅಂಗ ಬೇರೂರಿತು, ಯಾವುದು ಬೇರೂರಲಿಲ್ಲ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲು ಗಮನಿಸಬೇಕಾದುದು ಆಡಳಿತದ ಗಡಿಯನ್ನು. 1799ರಲ್ಲಿ ಮದರಾಸು ಆಡಳಿತಕ್ಕೆ ಸೇರಿದ್ದ ಈ ಪ್ರದೇಶವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಅಂದಿನಿಂದ 1956ರ ನವೆಂಬರ್ 1ರ ವರೆಗೆ ಇಲ್ಲಿನ ಶಾಲೆಗಳ ಪಠ್ಯಕ್ರಮ, ಪರೀಕ್ಷೆ, ಅನುದಾನ ಎಲ್ಲವೂ ಮುಂಬಯಿಯ ಕಡೆಗೇ ಮುಖಮಾಡಿದ್ದವು. ಕನ್ನಡ ಶಾಲೆಯಲ್ಲಿ ಮುಲ್ಕಿ ಪರೀಕ್ಷೆ ಮುಗಿಸಿದವನು ಶಾಲಾಮಾಸ್ತರನೋ ತಲಾಟಿಯೋ ಆಗಬಹುದಾಗಿತ್ತು. ಇಂಗ್ಲಿಷ್ ಶಾಲೆಯ ಹಾದಿ ಹಿಡಿದವನು ಮ್ಯಾಟ್ರಿಕ್ ಪರೀಕ್ಷೆಯ ಮೂಲಕ ಕಾಲೇಜಿಗೆ ಹೋಗಬಹುದಾಗಿತ್ತು. ಇವೆರಡರ ನಡುವೆ ಕೈಕಸಬಿಗೂ ವ್ಯಾಪಾರಕ್ಕೂ ನೇರವಾಗಿ ಒಯ್ಯುವ ಮೂರನೆಯ ದಾರಿ ಇರಲಿಲ್ಲ.

ಅಂಥ ದಾರಿ ಬೇಕೆಂಬ ವಿಚಾರ ಹೊಸದಲ್ಲ. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರೌಢಶಿಕ್ಷಣವನ್ನು ಎರಡು ಕವಲಾಗಿ ಒಡೆಯಬೇಕೆಂದು ಸೂಚಿಸಿತ್ತು: ಒಂದು ವಿಶ್ವವಿದ್ಯಾಲಯದ ಪ್ರವೇಶಕ್ಕೆ, ಇನ್ನೊಂದು ವಾಣಿಜ್ಯ ಮೊದಲಾದ ವ್ಯಾವಹಾರಿಕ ಜೀವನಕ್ಕೆ. ಆದರೆ ಎರಡನೆಯ ಕವಲು ದೇಶದಲ್ಲಿ ಎಲ್ಲಿಯೂ ಚೆನ್ನಾಗಿ ಚಿಗುರಲಿಲ್ಲ. ಸರಕಾರಿ ನೌಕರಿಗೆ ಮ್ಯಾಟ್ರಿಕ್ ಪರೀಕ್ಷೆಯೇ ಹೆಬ್ಬಾಗಿಲಾಗಿರುವಾಗ ಪಕ್ಕದ ಬಾಗಿಲಿನಿಂದ ಹೋಗುವವರು ಯಾರು? ಮೇಲಾಗಿ ಉನ್ನತ ವೃತ್ತಿಶಿಕ್ಷಣದ ಕೇಂದ್ರಗಳು ಬಹುದೂರ ಇದ್ದವು. ಇಂಜಿನಿಯರಿಂಗ್ ಕಲಿಯಲು ಪುಣೆಗೋ, 1887ರಲ್ಲಿ ಸ್ಥಾಪನೆಯಾದ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಗೋ, ವಾಣಿಜ್ಯ ಕಲಿಯಲು 1913ರಲ್ಲಿ ಆರಂಭವಾದ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿಗೋ ಹೋಗಬೇಕಾಗಿತ್ತು. ರೈಲು ಕಾಣದ ಮಲೆನಾಡಿನ ಹುಡುಗನಿಗೆ ಇದು ಪರದೇಶಪ್ರಯಾಣಕ್ಕೆ ಸಮಾನ.

ಹೀಗಿದ್ದರೂ ವಾಣಿಜ್ಯವಿದ್ಯೆ ಈ ಸೀಮೆಗೆ ಬೇಗನೆ ಬಂದಿತು. ಅದು ಬಂದುದು ಶಾಲೆಯ ಮೂಲಕವಲ್ಲ, ಸಹಕಾರದ ಮೂಲಕ. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಪತ್ತಿನ ಸಂಘ ಹುಟ್ಟಿದ ಸಂಗತಿ ಎಲ್ಲರಿಗೂ ತಿಳಿದಿದೆ. ಆ ಗಾಳಿ ಘಟ್ಟದ ಅಂಚಿಗೂ ಬೀಸಿತು. 1920ರಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. ಅದರ ಪ್ರಧಾನ ಕಚೇರಿ ಇರುವುದು ಜಿಲ್ಲಾಸ್ಥಾನವಾದ ಕಾರವಾರದಲ್ಲಲ್ಲ, ಶಿರಸಿಯಲ್ಲಿ. 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಶಿರಸಿಯಲ್ಲಿ ರೂಪುಗೊಂಡಿತು. ಅದನ್ನು ಕಟ್ಟಿದವರಲ್ಲಿ ಕಡವೆ ಶ್ರೀಪಾದ ಹೆಗಡೆಯವರು ಪ್ರಮುಖರು. ಈ ಸಂಸ್ಥೆಗಳ ಕೆಲಸದ ಸ್ವರೂಪವನ್ನು ನೋಡಬೇಕು. ರೈತನು ತಂದ ಅಡಿಕೆಯನ್ನು ಕೆಂಪು, ಬೆಟ್ಟೆ, ಚಾಲಿ ಎಂದು ವಿಂಗಡಿಸಿ ತೂಗಬೇಕು. ವ್ಯಾಪಾರಿಗಳಿಂದ ದರ ಪಡೆಯಬೇಕು. ಬೆಳೆಯ ಮೇಲೆ ಕೊಟ್ಟ ಮುಂಗಡವನ್ನೂ ಬಡ್ಡಿಯನ್ನೂ ಮುರಿದುಕೊಂಡು ಉಳಿದುದನ್ನು ಜಮೆ ಮಾಡಬೇಕು. ವರ್ಷದ ಕೊನೆಗೆ ಸರ್ವಸದಸ್ಯರ ಮುಂದೆ ಅಢಾವೆ ಪತ್ರಿಕೆ ಇಡಬೇಕು. ದಲಾಲಿಯ ಅಂಗಡಿಯಲ್ಲಿ ಒಬ್ಬನ ಗುಟ್ಟಾಗಿದ್ದ ಕೀರ್ದಿ-ಖತಾವಣಿಗಳು ಇಲ್ಲಿ ಹತ್ತುಜನರ ಚರ್ಚೆಯ ವಸ್ತುವಾದವು. ತನ್ನ ಲೆಕ್ಕವನ್ನು ತಾನೇ ಓದಿ ಪ್ರಶ್ನಿಸುವ ಅಭ್ಯಾಸ ತೋಟಿಗನಿಗೆ ಬಂದುದು ಹೀಗೆ. ಮಗನಿಗೆ ವಾಣಿಜ್ಯ ಕಲಿಸಬೇಕೆಂಬ ಬಯಕೆಯ ಬೀಜವೂ ಇಲ್ಲಿಯೇ ಬಿದ್ದಿತೆಂದು ನಾವು ತಿಳಿಯುತ್ತೇವೆ.

ಇನ್ನೊಂದು ಘಟನೆಯನ್ನೂ ಇಲ್ಲಿ ನೆನೆಯಬೇಕು. ಮೂವತ್ತರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳಲ್ಲಿ ನಡೆದ ಕರನಿರಾಕರಣ ಚಳವಳಿಯಲ್ಲಿ ಅನೇಕ ಕುಟುಂಬಗಳು ಭೂಮಿಯನ್ನೂ ಮನೆಮಾರುಗಳನ್ನೂ ಕಳೆದುಕೊಂಡವು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಭೂಮಿಯನ್ನು ಮರಳಿಸುವ ಕಾರ್ಯ ನಡೆಯಿತು. ಭೂಮಿ ಜಪ್ತಿಯಾಗಬಲ್ಲುದು, ವಿದ್ಯೆ ಆಗಲಾರದು ಎಂಬ ಭಾವನೆಯನ್ನು ಈ ಅನುಭವವು ದೃಢಪಡಿಸಿರಬೇಕೆಂಬುದು ನಮ್ಮ ಊಹೆ. ಊಹೆಯೆಂದೇ ಇದನ್ನು ಓದುಗರು ಎಣಿಸಬೇಕು.

ಯಂತ್ರವಿದ್ಯೆಯ ಕಥೆ ಬೇರೆ. ಶರಾವತಿಯ ಆಚೆದಡದಲ್ಲಿ, ಮೈಸೂರು ಸಂಸ್ಥಾನದ ಸೀಮೆಯಲ್ಲಿ, 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸ ಆರಂಭಿಸಿತು. ಈಚೆದಡದ ಸಿದ್ದಾಪುರ ತಾಲೂಕು ಮುಂಬಯಿ ಪ್ರಾಂತದಲ್ಲಿತ್ತು. ಒಂದೇ ನದಿಯ ಎರಡು ದಡಗಳಲ್ಲಿ ಎರಡು ಸರಕಾರ, ಎರಡು ಪಠ್ಯಕ್ರಮ. ಹೊಳೆಯಾಚೆ ಇಂಜಿನಿಯರಿಂಗಿನ ಮಹಾಕಾರ್ಯವೊಂದು ಕಣ್ಣಿಗೆ ಕಾಣುತ್ತಿದ್ದರೂ ಅದಕ್ಕೆ ಹುಡುಗರನ್ನು ಅಣಿಗೊಳಿಸುವ ಶಾಲೆ ಈಚೆಯಲ್ಲಿರಲಿಲ್ಲ. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜೂ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜೂ ಆರಂಭವಾದುದರಿಂದ ಪುಣೆಯ ದೂರವು ಸುಮಾರು 100 ಕಿಲೋಮೀಟರಿಗೆ ಇಳಿಯಿತು. ಆದರೆ ಅವು ಪ್ರೌಢಶಿಕ್ಷಣದ ಮೇಲಿನ ಮೆಟ್ಟಿಲು. ಕೆಳಗಿನ ಮೆಟ್ಟಿಲು ಮೊದಲಿದ್ದಂತೆಯೇ ಇತ್ತು.

ಯೋಜನೆಗಳಿಗೆ ಕೊರತೆಯಿರಲಿಲ್ಲ. 1944ರ ಸಾರ್ಜೆಂಟ್ ವರದಿಯು ಸಾಮಾನ್ಯ ಹಾಯಸ್ಕೂಲುಗಳ ಜೊತೆಗೆ ತಾಂತ್ರಿಕ ಹಾಯಸ್ಕೂಲುಗಳನ್ನೂ ಕಲ್ಪಿಸಿತು. 1952-53ರ ಮುದಲಿಯಾರ್ ಆಯೋಗವು ತಾಂತ್ರಿಕ, ವಾಣಿಜ್ಯ, ಕೃಷಿ ಮೊದಲಾದ ಏಳು ವಿಭಾಗಗಳುಳ್ಳ ಬಹೂದ್ದೇಶ ಶಾಲೆಗಳನ್ನು ಶಿಫಾರಸು ಮಾಡಿತು. ಹದಿನಾಲ್ಕರಿಂದ ಹದಿನೇಳು ವಯಸ್ಸಿನವರಿಗಾಗಿ ಮೂರು ವರ್ಷದ ಕಿರಿಯ ತಾಂತ್ರಿಕ ಶಾಲೆಗಳ ಯೋಜನೆಯೂ ಬಂದಿತು. ಆದರೆ ವಾಣಿಜ್ಯ ವಿಭಾಗಕ್ಕೆ ಒಬ್ಬ ಶಿಕ್ಷಕ, ಒಂದು ಕರಿಹಲಗೆ, ಕೆಲವು ಬೆರಳಚ್ಚು ಯಂತ್ರಗಳು ಸಾಕು; ತಾಂತ್ರಿಕ ವಿಭಾಗಕ್ಕೆ ಕಾರ್ಯಾಗಾರ, ಚರಕಿಯಂತ್ರ, ನಿರಂತರ ವಿದ್ಯುತ್ತು, ಅನುಭವಿ ಬೋಧಕ ಎಲ್ಲವೂ ಬೇಕು. ಊರವರ ವಂತಿಗೆಯಿಂದ ಕಟ್ಟಡ ಎಬ್ಬಿಸಬಹುದು. ಕಾರ್ಯಾಗಾರವನ್ನು ವರ್ಷವರ್ಷವೂ ನಡೆಸುವುದು ಕಷ್ಟ. ಖಾಸಗಿ ಶಿಕ್ಷಣಸಂಸ್ಥೆಗಳು ಕಲೆ, ವಿಜ್ಞಾನ, ವಾಣಿಜ್ಯಗಳ ಕಡೆಗೆ ಒಲಿದುದಕ್ಕೆ ಇದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಶಿರಸಿಯಲ್ಲಿ ಮಾಡರ್ನ್ ಎಜ್ಯುಕೇಶನ್ ಸೊಸೈಟಿಯು 1962ರಲ್ಲಿ ಕಲಾ ಮತ್ತು ವಿಜ್ಞಾನ ಕಾಲೇಜನ್ನು ತೆರೆಯಿತು. ಸಿದ್ದಾಪುರದಲ್ಲಿ ಮಹಾತ್ಮಾ ಗಾಂಧಿ ಶತಾಬ್ದಿಯ ಹೆಸರು ಹೊತ್ತ ಕಾಲೇಜು ಬಂದಿತು.

1971ರಲ್ಲಿ ರಾಜ್ಯದಲ್ಲಿ ಎರಡು ವರ್ಷದ ಪದವಿಪೂರ್ವ ಶಿಕ್ಷಣ ಜಾರಿಗೆ ಬಂದುದು ನಿರ್ಣಾಯಕವಾದ ತಿರುವು. ಅಲ್ಲಿಂದ ಮುಂದೆ ವೃತ್ತಿಯ ಆಯ್ಕೆಯೆಂದರೆ ಹದಿನಾರನೆಯ ವಯಸ್ಸಿನಲ್ಲಿ ಮಾಡುವ ವಿಷಯಗಳ ಆಯ್ಕೆ ಎಂದಾಯಿತು. ಭೌತ-ರಸಾಯನ-ಗಣಿತಗಳು ಇಂಜಿನಿಯರಿಂಗಿಗೆ, ಲೆಕ್ಕಶಾಸ್ತ್ರವು ವ್ಯವಹಾರಕ್ಕೆ. ಕೈಗೆ ಉಪಕರಣ ಕೊಡುವ ಶಿಕ್ಷಣದ ಸ್ಥಾನವನ್ನು ಅಂಕಗಳ ಶಿಕ್ಷಣ ಆಕ್ರಮಿಸಿತು. 1977ರ ಸುಮಾರಿಗೆ ಉದ್ಯೋಗಾಧಾರಿತ ಕೋರ್ಸುಗಳು ಬಂದವು. ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ 1990ರೊಳಗೆ ಶೇಕಡಾ 10, 1995ರೊಳಗೆ ಶೇಕಡಾ 25 ಮಂದಿ ವೃತ್ತಿಶಿಕ್ಷಣಕ್ಕೆ ಬರಬೇಕೆಂದು 1986ರ ರಾಷ್ಟ್ರೀಯ ನೀತಿ ಗುರಿಯಿಟ್ಟಿತು; ಗುರಿ ಕೈಗೂಡಲಿಲ್ಲ. ಮುಂದೆ ರಾಜ್ಯದ ಆ ಕೋರ್ಸುಗಳೂ ನಿಂತುಹೋದವು.

ಅಂಕಗಳ ದಾರಿಯನ್ನು ಸುಗಮಗೊಳಿಸಿದ ಕಾಯಿದೆಯೊಂದನ್ನು ಇದೇ ಸೀಮೆಯವರೊಬ್ಬರ ಸರಕಾರ ತಂದಿತೆಂಬುದು ಗಮನಾರ್ಹ. ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ ಜನಿಸಿದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, 1984ರಲ್ಲಿ, ವಂತಿಗೆ ಶುಲ್ಕವನ್ನು ನಿಷೇಧಿಸುವ ಕಾಯಿದೆಯಾಯಿತು. ತರುವಾಯ ಸಾಮಾನ್ಯ ಪ್ರವೇಶ ಪರೀಕ್ಷೆಯು ನೆಲೆಗೊಂಡು, ಥೈಲಿಯಿಲ್ಲದ ಹಳ್ಳಿಯ ಹುಡುಗ-ಹುಡುಗಿಯರಿಗೂ ವೃತ್ತಿಕಾಲೇಜಿನ ಬಾಗಿಲು ತೆರೆಯಿತು. ನ್ಯಾಯವಾಗಿ ನೋಡಿದರೆ ಇದು ದೊಡ್ಡ ಲಾಭ. ಆದರೆ ಆ ಬಾಗಿಲು ಊರಿನಿಂದ ಹೊರಕ್ಕೆ ತೆರೆಯುವ ಬಾಗಿಲಾಗಿತ್ತು.

ಎಲ್ಲರೂ ಈ ದಾರಿಗೆ ಒಂದೇ ಕಾಲದಲ್ಲಿ ಬರಲಿಲ್ಲವೆಂಬುದನ್ನು ಇತಿಹಾಸಕಾರನು ಮರೆಯಲಾಗದು. ತೋಟವುಳ್ಳ ಮನೆಯ ಹುಡುಗನಿಗೆ ಪೇಟೆಯಲ್ಲಿ ನೆಂಟರ ಮನೆಯೋ ವಾರಾನ್ನವೋ ದೊರೆಯುತ್ತಿತ್ತು. ಗೇಣಿದಾರನ ಮಗನಿಗೆ ಆ ಪಂಕ್ತಿಯಲ್ಲಿ ಎಲೆಯಿರಲಿಲ್ಲ. 1974ರ ಭೂಸುಧಾರಣೆಯ ನಂತರವೇ ಅನೇಕ ಗೇಣಿದಾರರ ಮನೆಗಳಿಂದ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಪ್ರೌಢಶಾಲೆಯನ್ನು ಕಾಣುವಂತಾಯಿತು. ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಬರಬೇಕಾದ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಆದುದರಿಂದ ‘ಸಹಜ ವಿದ್ಯಾಪ್ರೇಮ’ವೆಂಬ ಮಾತನ್ನು ಬಳಸುವಾಗ ಆ ಪ್ರೇಮಕ್ಕೆ ಅವಕಾಶ ಯಾರಿಗಿತ್ತು ಎಂದೂ ಕೇಳಬೇಕು.

ಇದರ ಪರಿಣಾಮ ಇಂದು ಕಣ್ಣಮುಂದಿದೆ. ಹಳ್ಳಿಗಳಲ್ಲಿ ವೃದ್ಧ ತಂದೆತಾಯಿಗಳು ತೋಟ ನೋಡಿಕೊಳ್ಳುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇದ್ದಾರೆ. ಮರವೇರಿ ಕೊನೆ ಕೊಯ್ಯುವ ಕೊನೆಗೌಡರು ವಿರಳರಾಗಿ, ನೆಲದಿಂದಲೇ ಕೊಯ್ಯುವ ಉದ್ದನೆಯ ದೋಟಿಗಳೂ ಅಡಿಕೆ ಸುಲಿಯುವ ಯಂತ್ರಗಳೂ ಬಂದಿವೆ. ಎಂದರೆ ತೋಟಕ್ಕೆ ಇಂಜಿನಿಯರಿಂಗೂ ಬೇಕು, ವಾಣಿಜ್ಯವೂ ಬೇಕು. ಹಾಗಿದ್ದೂ ಪ್ರೌಢಶಾಲೆಯ ಗಣಿತದಲ್ಲಿ, ಭೌತಶಾಸ್ತ್ರದಲ್ಲಿ, ಲೆಕ್ಕಶಾಸ್ತ್ರದಲ್ಲಿ ಈ ತೋಟ ಉದಾಹರಣೆಯಾಗಿಯೂ ಬರಲಿಲ್ಲ. ಸ್ಥಳೀಯ ಪರಿಸರಕ್ಕೆ ಹೊಂದುವ ಉನ್ನತ ವಿದ್ಯೆಗೆ ಶಿರಸಿಯಲ್ಲಿ 1985ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯವೊಂದು ಒಳ್ಳೆಯ ನಿದರ್ಶನ. ಅಂಥ ಹೊಂದಾಣಿಕೆ ಪ್ರೌಢಶಿಕ್ಷಣದ ಮಟ್ಟದಲ್ಲಿ ಸಾಧಿಸಲಿಲ್ಲ. ಮಕ್ಕಳು ಹೊರಗೆ ಹೋದುದನ್ನು ದೋಷವೆನ್ನಲು ನಾವು ಸಿದ್ಧರಿಲ್ಲ. ಉಳಿಯಬೇಕೆಂದವನಿಗೆ ಉಳಿಯುವ ವಿದ್ಯೆ ಸಿಗಲಿಲ್ಲವೆಂಬುದೇ ನಮ್ಮ ಆಕ್ಷೇಪ.

ಈ ಸಮೀಕ್ಷೆ ಪೂರ್ಣವೆಂದು ನಾವು ಭಾವಿಸಿಲ್ಲ. ಪ್ರೌಢಶಾಲೆಗಳ ಜನರಲ್ ರಜಿಸ್ಟರುಗಳು, ಸಹಕಾರಿ ಸಂಘಗಳ ಠರಾವು ಪುಸ್ತಕಗಳು, ಮನೆಮನೆಯ ಅಟ್ಟದ ಮೇಲಿರುವ ಹಳೆಯ ಕೀರ್ದಿಗಳು ಇವೆಲ್ಲವೂ ಇತಿಹಾಸದ ಸಾಮಗ್ರಿಗಳೇ. ಯಾವ ವರ್ಷ ಯಾರ ಮನೆಯ ಮಗು ಶಾಲೆಗೆ ಸೇರಿತು, ಯಾವ ವರ್ಷ ಬಿಟ್ಟಿತು, ಆ ವರ್ಷ ಅಡಿಕೆಯ ದರವೆಷ್ಟಿತ್ತು ಎಂಬುದನ್ನು ಒಂದೊಂದು ಊರಿಗಾಗಿ ಹೊಂದಿಸಿ ನೋಡಿದರೆ ಮೇಲಿನ ಊಹೆಗಳು ನಿಲ್ಲುವವೋ ಬೀಳುವವೋ ತಿಳಿಯುತ್ತದೆ. ಗೆದ್ದಲು ಮತ್ತು ಮಳೆಗಾಲದ ತೇವ ಇವುಗಳಿಗೆ ಮುನ್ನ ನಮ್ಮ ವಿದ್ಯಾರ್ಥಿಗಳು ಆ ಕಾಗದಗಳನ್ನು ತಲುಪಲಿ ಎಂದು ಹಾರೈಸುತ್ತೇವೆ.