ಡ್ರಮ್ಮಿನಿಂದ ಡೋಲಿಗೆ

1949ನೆಯ ಇಸವಿಯು ಬೆಂಗಳೂರಿನ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ವರ್ಷದ ಜುಲೈ ತಿಂಗಳಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಪೇಟೆಯ ಪಡುವಣ ಬಯಲಿನಲ್ಲಿ ಒಂದು ಕೈಗಾರಿಕಾ ಬಡಾವಣೆಗೆ ಅಸ್ತಿಭಾರವನ್ನಿಟ್ಟರು. ಅದು ಅವರ ಹೆಸರನ್ನೇ ಹೊತ್ತು ರಾಜಾಜಿನಗರವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಅದುವರೆಗೆ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದ ಪೇಟೆಯೂ ದಂಡೂ ಕೂಡಿ ಒಂದೇ ಕಾರ್ಪೊರೇಷನ್ನಿಗೆ ಒಳಪಟ್ಟವು. ಕಾಗದಪತ್ರಗಳಲ್ಲಿ ಊರು ಒಂದಾಯಿತು. ಊರಿನ ಕಿವಿ ಮಾತ್ರ ಬಹುಕಾಲ ಎರಡಾಗಿಯೇ ಉಳಿಯಿತು.

ರಾಜಾಜಿನಗರದಲ್ಲಿಯೂ, ತರುವಾಯ ವಿಜಯನಗರ ಬಸವೇಶ್ವರನಗರಗಳಲ್ಲಿಯೂ ನಿವೇಶನ ಪಡೆದು ಮನೆ ಕಟ್ಟಿದವರು ಬಹುಮಟ್ಟಿಗೆ ಕಾರ್ಖಾನೆ, ಕಚೇರಿ, ಪಾಠಶಾಲೆಗಳ ಸಂಬಳದ ಮಂದಿ. ಮುಂಜಾನೆ ಕಾರ್ಖಾನೆಯ ಕೂಗು, ರಾತ್ರಿ ಆಕಾಶವಾಣಿಯ ಕಛೇರಿ, ಚೈತ್ರಮಾಸದಲ್ಲಿ ರಾಮನವಮಿಯ ಚಪ್ಪರದ ಮೃದಂಗ, ಲಗ್ನದ ದಿನಗಳಲ್ಲಿ ಛತ್ರದ ಬಾಗಿಲಿನ ವಾಲಗ - ಇವು ಅವರ ಶ್ರವಣಪ್ರಪಂಚ. ದಂಡಿನ ಪ್ರದೇಶದಲ್ಲಾದರೋ ಚರ್ಚಿನ ಗಾಯನವೃಂದ, ಹೋಟೆಲುಗಳ ನೃತ್ಯವಾದ್ಯಗೋಷ್ಠಿ, ಎಪ್ಪತ್ತರ ದಶಕಕ್ಕೆ ವಿದ್ಯುತ್ ಗಿಟಾರು. ನಡುವೆ ಇದ್ದುದು ಒಂದು ಬಸ್ಸಿನ ಪ್ರಯಾಣವಷ್ಟೆ. ಆದರೂ ಈ ಕಡೆಯ ಮನೆಗಳಲ್ಲಿ ಆ ಸಂಗೀತಕ್ಕೆ ‘ಗದ್ದಲ’ವೆಂಬ ಹೆಸರಲ್ಲದೆ ಬೇರೊಂದು ಹೆಸರಿರಲಿಲ್ಲ.

ಆ ಗದ್ದಲದೊಳಗೆ ಗದ್ದಲವಲ್ಲದ ಒಂದು ಮಹಾಪ್ರಯತ್ನವು ನಡೆದಿತ್ತು. ಇಂಗ್ಲೆಂಡಿನಲ್ಲಿ 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಹೊರಬಂದ ಮೇಲೆ, ಮೂರು ನಿಮಿಷಗಳ ಕುಣಿತದ ಹಾಡಿನಿಂದ ತೃಪ್ತರಾಗದ ತರುಣರು ರಾಕ್ ಸಂಗೀತವನ್ನು ದೀರ್ಘಪ್ರಬಂಧವನ್ನಾಗಿ ಬೆಳೆಸಲು ತೊಡಗಿದರು. ಅದಕ್ಕೆ ಪ್ರೊಗ್ರೆಸಿವ್ ರಾಕ್ ಎಂದು ಹೆಸರಾಯಿತು. ನಿಮಿಷಕ್ಕೆ ಮೂವತ್ತಮೂರು ಸುತ್ತು ಮತ್ತೊಂದು ಮೂರನೆಯ ಪಾಲು ತಿರುಗುವ ಎಲ್‌ಪಿ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಮಿಕ್ಕಿ ಸಂಗೀತ ಹಿಡಿಯುತ್ತಿತ್ತು. ಆ ಕಾಲಾವಧಿಯೇ ಅವರಿಗೆ ಪಟವಾಯಿತು. 1972ರಲ್ಲಿ ಯೆಸ್ ತಂಡದವರು ‘ಕ್ಲೋಸ್ ಟು ದಿ ಎಡ್ಜ್’ ಎಂಬ ಒಂದೇ ಕೃತಿಯಿಂದ ಇಡೀ ಮಗ್ಗುಲನ್ನು ತುಂಬಿದರು. ಅದೇ ವರ್ಷ ಜೆತ್ರೊ ಟಲ್ ತಂಡದ ‘ಥಿಕ್ ಆ್ಯಸ್ ಎ ಬ್ರಿಕ್’ ಎರಡು ಮಗ್ಗುಲನ್ನೂ ವ್ಯಾಪಿಸಿತು, ಕೇಳುಗನು ನಡುವೆ ಎದ್ದು ಪ್ಲೇಟನ್ನು ಮಗುಚಬೇಕಾದಷ್ಟು ಹೊತ್ತು ಮಾತ್ರ ಅದಕ್ಕೆ ವಿರಾಮ. ಎಮರ್ಸನ್, ಲೇಕ್ ಮತ್ತು ಪಾಮರ್ ಎಂಬ ಮೂವರು ರಷ್ಯದ ಮುಸೋರ್ಗ್‌ಸ್ಕಿಯ ಪಿಯಾನೊ ಕೃತಿಯನ್ನೇ ರಂಗಕ್ಕೆ ತಂದರು. ರಾಗ, ತಾನ, ಪಲ್ಲವಿಗೆ ಗಂಟೆಗಟ್ಟಲೆ ಕುಳಿತುಕೊಳ್ಳಬಲ್ಲ ನಮ್ಮ ರಸಿಕನಿಗೆ ಈ ತಾಳ್ಮೆಯ ಸಂಗೀತವು ಅಪರಿಚಿತವಾಗಬೇಕಾದ ಕಾರಣವೇ ಇರಲಿಲ್ಲ.

ತಾಳದ ವಿಷಯದಲ್ಲಂತೂ ನಂಟು ಇನ್ನೂ ಹತ್ತಿರದ್ದು. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಎಂಬ ಹಾಡು ಏಳರ ನಡೆಯಲ್ಲಿದೆ. ಕೈಯಲ್ಲಿ ತಕಿಟ ತಕದಿಮಿ ಎಂದು ಮಿಶ್ರವನ್ನು ಎಣಿಸುತ್ತ ಕೇಳಿದರೆ ಅದು ತಾನಾಗಿ ಕೂಡುತ್ತದೆ. ಸ್ಯಾಕ್ಸೊಫೋನು ಏಳರಲ್ಲಿಯೇ ವಿಹರಿಸುತ್ತದೆ; ಗಿಟಾರಿನ ಸರದಿ ಬರುವಾಗ ಮಾತ್ರ ತಂಡವು ಚತುರಶ್ರಕ್ಕೆ ಇಳಿದು, ಅದು ಮುಗಿದ ಮೇಲೆ ಮತ್ತೆ ಏಳಕ್ಕೆ ಏರುತ್ತದೆ. ಮಿಶ್ರಚಾಪಿನಲ್ಲಿಯೇ ತನಿಯಾವರ್ತನವನ್ನು ಪೂರ್ತಿ ನುಡಿಸಿ ಮುಕ್ತಾಯವನ್ನು ಎಡುಪಿಗೆ ಕೂಡಿಸುವ ನಮ್ಮ ಲಯವಿದ್ವಾಂಸನಿಗೆ ಆ ಇಳಿತವು ಅನಾವಶ್ಯಕವೆನಿಸೀತು. ಹಾಗೆಂದು ಹೆಮ್ಮೆಪಟ್ಟು ಸುಮ್ಮನಾಗುವುದು ಸಮೀಚೀನವಲ್ಲ. ಹಲವು ಸ್ವರಗಳನ್ನು ಏಕಕಾಲದಲ್ಲಿ ಹೆಣೆದು ಭಾವದ ಭವನವನ್ನೆಬ್ಬಿಸುವ ಅವರ ವಿದ್ಯೆಯು ನಮ್ಮಲ್ಲಿ ಬೆಳೆದೇ ಇಲ್ಲ. ಇಬ್ಬರ ಬಳಿಯಲ್ಲಿಯೂ ಕೊಡಬೇಕಾದುದುಂಟು, ಪಡೆಯಬೇಕಾದುದುಂಟು.

ಆ ಕೊಡುಕೊಳ್ಳುವಿಕೆಯು ನಡೆದುದು ನಮ್ಮ ಊರಿನಲ್ಲಿಯೇ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಭಾರತದ ರಾಕ್ ತಂಡಗಳಲ್ಲಿ ಅಗ್ರಶ್ರೇಣಿಯಲ್ಲಿದ್ದ ಹ್ಯೂಮನ್ ಬಾಂಡೇಜ್ ಬೆಂಗಳೂರಿನಲ್ಲಿ ನೆಲೆಸಿದ್ದಿತು. ಮುಂದೆ ಜಾಸ್ ಗಾಯಕಿಯಾಗಿ ಹೆಸರಾದ ರಾಧಾ ಥಾಮಸ್ ಅದರಲ್ಲಿ ಹಾಡಿದವರು. ಅದರ ಡ್ರಮ್ ವಾದಕರು 1948ರಲ್ಲಿ ಮದರಾಸಿನಲ್ಲಿ ಹುಟ್ಟಿದ ರಮೇಶ್ ಶೋತಮ್. ಈತನು ಪರದೇಶದ ವಾದ್ಯದಲ್ಲಿ ಕೀರ್ತಿಯನ್ನು ಗಳಿಸಿದ ಮೇಲೆ, 1964ರಲ್ಲಿ ಸ್ಥಾಪಿತವಾಗಿ ವಿದ್ವಾನ್ ಟಿ. ಎ. ಎಸ್. ಮಣಿಯವರ ಹೆಸರಿನೊಡನೆ ಬೆಸೆದುಕೊಂಡಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿಗೆ ಶಿಷ್ಯನಾಗಿ ಹೋಗಿ ತವಿಲನ್ನು ಅಭ್ಯಸಿಸಿದನು. ತವಿಲೆಂದರೆ ಬೇರೇನಲ್ಲ, ನಮ್ಮ ವಾಲಗದ ಡೋಲು: ರಾಜಾಜಿನಗರದ ಛತ್ರಗಳ ಮುಂದೆ ನಾವು ಮಂಗಳಧ್ವನಿಯೆಂದು ಕೇಳಿ, ವಾದ್ಯವೆಂದು ಆಲಿಸದೆ ಊಟದ ಪಂಕ್ತಿಗೆ ಹೊರಟುಹೋಗುತ್ತಿದ್ದ ಅದೇ ಡೋಲು.

ಈ ಹೆಜ್ಜೆಯ ಕಷ್ಟವನ್ನು ಬಲ್ಲವರೇ ಬಲ್ಲರು. ಡ್ರಮ್ ವಾದಕನಿಗೆ ಎರಡು ಕೈಗಳಲ್ಲಿ ಎರಡು ಕೋಲು, ಕಾಲುಗಳಿಗೂ ಕೆಲಸ. ಡೋಲಿನವನಿಗೆ ಒಂದು ಕೈಯಲ್ಲಿ ಮೋಟುಕೋಲು, ಮತ್ತೊಂದು ಕೈಯ ಬೆರಳುಗಳಿಗೆ ಗಟ್ಟಿಯಾದ ಕುಪ್ಪಿಗೆ. ಹಲಸಿನ ಮರದ ಆ ಭಾರವಾದ ಒಡಲನ್ನು ಕೊರಳಿಗೆ ತೂಗಿಕೊಂಡು ನಿಂತು ನುಡಿಸುವುದೂ ಉಂಟು. ಅದಕ್ಕೂ ಮೊದಲು ಕೊನ್ನಕೋಲು: ಪ್ರತಿಯೊಂದು ಘಾತವನ್ನೂ ಜತಿಯಾಗಿ ಬಾಯಲ್ಲಿ ಉಚ್ಚರಿಸಿ, ಕೈಯಲ್ಲಿ ತಾಳ ಹಾಕಿ, ನಾಲಗೆಗೆ ಒಗ್ಗಿದ ಮೇಲೆಯೇ ಚರ್ಮವನ್ನು ಮುಟ್ಟಬೇಕು. ಸಾವಿರ ಜನರ ಕರತಾಡನವನ್ನು ಕಂಡವನು ಹಸುಳೆಯಂತೆ ತ ದಿ ತೊಂ ನಂ ಎಂದು ಮೊದಲಿನಿಂದ ಆರಂಭಿಸಿದನಲ್ಲ, ಆ ವಿನಯವನ್ನು ನಾನು ಆ ದಶಕದ ಯಾವ ಪ್ರಖ್ಯಾತ ಆಲ್ಬಮ್ಮಿಗಿಂತಲೂ ಕಡಿಮೆಯೆಂದು ಎಣಿಸಲಾರೆ.

ಆ ಶಾಲೆಯ ಬಾಗಿಲಿಗೆ ಪಶ್ಚಿಮದವರೇ ಬಂದುದು ಈ ಕಥೆಯ ಉತ್ತರಭಾಗ. ಕ್ರಿಸ್ಟಿಯಾನ್ ಬುರ್‌ಖಾರ್ಡ್ ಎಂಬ ವಾದಕನು 1969ರಲ್ಲಿ ಮ್ಯೂನಿಕ್ ನಗರದಲ್ಲಿ ಕಟ್ಟಿದ ಎಂಬ್ರಿಯೊ ತಂಡವು, ಜರ್ಮನಿಯ ಪ್ರೊಗ್ರೆಸಿವ್ ತಂಡಗಳಲ್ಲಿ ಅತ್ಯಂತ ಜಿಜ್ಞಾಸುವಾದುದು. 1978ರಲ್ಲಿ ಅವರು ಬಸ್ಸುಗಳಲ್ಲಿ ಹೊರಟು, ತುರ್ಕಿ, ಇರಾನ್, ಅಫಘಾನಿಸ್ತಾನಗಳ ನೆಲಮಾರ್ಗದಿಂದ ಭಾರತಕ್ಕೆ ಬಂದರು. ಆ ಯಾತ್ರೆಯ ಸಂಗೀತವೇ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ಪ್ಲೇಟಾಯಿತು. ಮಣಿಯವರೊಡನೆಯೂ, ಅವರ ಸಹಧರ್ಮಿಣಿ ಗಾಯಕಿ ಆರ್. ಎ. ರಮಾಮಣಿಯವರೊಡನೆಯೂ ಅವರಿಗೆ ಬೆಳೆದ ಬಾಂಧವ್ಯವು ಒಂದು ಯಾತ್ರೆಗೆ ಮುಗಿಯಲಿಲ್ಲ. ಆ ತಂಡದಿಂದ ಕವಲೊಡೆದ ಡಿಸಿಡೆಂಟನ್ ಬಳಗದವರ 1982ರ ‘ಜರ್ಮನಿಸ್ತಾನ್’ ಆಲ್ಬಮ್ಮಿನಲ್ಲಿಯೂ ಈ ಬೆಂಗಳೂರಿನ ಕಲಾವಿದರುಂಟು. ಎಂಬ್ರಿಯೊದೊಡನೆ ನುಡಿಸುತ್ತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ನಾಗಸ್ವರಕ್ಕೆ ಮನಸೋತು ಅದನ್ನು ಕಲಿತಿದ್ದವನು. 1983ರಲ್ಲಿ ಜರ್ಮನಿಯಲ್ಲಿ ಮುದ್ರಣಗೊಂಡ ‘ಜ್ಯೋತಿ’ಯಲ್ಲಿ ಅವನ ಉಸಿರಿಗೆ ರಮಾಮಣಿಯವರ ಕಂಠವೂ, ಮಣಿಯವರ ಮೃದಂಗವೂ, ಆರ್. ಎ. ರಾಜಗೋಪಾಲರ ಘಟವೂ, ಟಿ. ಎನ್. ಶಶಿಕುಮಾರರ ಖಂಜಿರವೂ ಜೊತೆಗೂಡಿವೆ. ಆ ಪ್ಲೇಟಿನಲ್ಲಿ ಯಾರೂ ಯಾರಿಗೂ ಪಕ್ಕವಾದ್ಯವಲ್ಲ. ಇಂಥ ಸಮಾನತೆಯು ಮಿಶ್ರಸಂಗೀತದಲ್ಲಿ ಅಪರೂಪ.

ಮರಿಯಾನೊ 2009ರಲ್ಲಿಯೂ ಬುರ್‌ಖಾರ್ಡ್ 2018ರಲ್ಲಿಯೂ ತೀರಿಕೊಂಡರು. ಕಲೋನ್ ನಗರವನ್ನು ಮನೆಮಾಡಿಕೊಂಡ ಶೋತಮ್ಮನು ಡೋಲನ್ನು ಯೂರೋಪಿನ ಜಾಸ್ ವೇದಿಕೆಗಳಿಗೆ ಒಯ್ದನು. ಕನ್ನಡದ ಸಂಗೀತಚರಿತ್ರೆಗಳಲ್ಲಿ ಇವರಿಗೆಲ್ಲ ಒಂದು ಪುಟ ಸಲ್ಲಬೇಕು. ರಾಜಾಜಿನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ ನಿಮ್ಮ ಮನೆಯ ಅಟ್ಟದ ಮೇಲೆ ಆ ಕಾಲದ ಒಂದು ಪ್ಲೇಟು, ಒಂದು ಕ್ಯಾಸೆಟ್ಟು, ಒಂದು ಕರಪತ್ರ ದೊರೆತರೆ ರದ್ದಿಯವನಿಗೆ ಕೊಡಬೇಡಿ. ಯಾರು, ಎಲ್ಲಿ, ಯಾವ ವರ್ಷ ನುಡಿಸಿದರೆಂಬುದನ್ನು ಮನೆಯ ಹಿರಿಯರನ್ನು ಕೇಳಿ, ಅದರ ಬೆನ್ನಿನ ಮೇಲೆ ಕನ್ನಡದಲ್ಲಿ ಬರೆದಿಡಿ.