ಕ್ಯಾಥೊಲಿಕ್ ಶಾಲಾ ಸಿಬ್ಬಂದಿಯ ವೇತನ ಮಾತುಕತೆ: ನಾವು ತಿಳಿದಿರಬೇಕಾದ ವಿಷಯಗಳು

ಶಾಲಾ ಸಿಬ್ಬಂದಿ ಸಂಘ ಕಟ್ಟಿಕೊಂಡು ವೇತನದ ಬಗ್ಗೆ ಆಡಳಿತ ಮಂಡಳಿಯೊಡನೆ ಮಾತನಾಡಿದರೆ ಅದು ಧರ್ಮಸಭೆಗೆ ವಿರುದ್ಧವೇ ಎಂಬ ಪ್ರಶ್ನೆ ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ವಿರುದ್ಧವಲ್ಲ ಎಂಬುದೇ ಧರ್ಮಸಭೆಯ ಬೋಧನೆ.

ಧರ್ಮಸಭೆಯ ಬೋಧನೆ

1891ರಲ್ಲಿ ಪೋಪ್ 13ನೇ ಲಿಯೋರವರು 'ರೇರುಮ್ ನೋವಾರುಮ್' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿ ಮತ್ತು ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಎತ್ತಿಹಿಡಿದರು. 1981ರಲ್ಲಿ ಪೋಪ್ 2ನೇ ಜಾನ್ ಪಾಲ್‌ರವರು 'ಲಾಬೊರೆಮ್ ಎಕ್ಸೆರ್ಚೆನ್ಸ್' ಮೂಲಕ ಅದನ್ನು ಪುನರುಚ್ಚರಿಸಿದರು. ಈ ಬೋಧನೆ ಕಾರ್ಖಾನೆ ಮಾಲೀಕರಿಗೆ ಮಾತ್ರ ಸೀಮಿತವಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1286ನೇ ವಿಧಿಯಂತೆ, ಧರ್ಮಸಭೆಯ ಆಸ್ತಿಪಾಸ್ತಿ ನೋಡಿಕೊಳ್ಳುವವರು ದೇಶದ ಕಾರ್ಮಿಕ ಕಾನೂನನ್ನು ಪಾಲಿಸಬೇಕು, ನೌಕರರಿಗೆ ನ್ಯಾಯವಾದ ವೇತನ ನೀಡಬೇಕು. ಧರ್ಮಸಭೆಯ ಸಂಸ್ಥೆಗಳೂ ಸಿಬ್ಬಂದಿಯ ಸಾಮೂಹಿಕ ಚೌಕಾಸಿಯ ಹಕ್ಕನ್ನು ಮಾನ್ಯ ಮಾಡಬೇಕೆಂದು 1986ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರುಗಳು ತಮ್ಮ ಪತ್ರದಲ್ಲಿ ಸ್ಪಷ್ಟಪಡಿಸಿದರು.

ಆಸ್ಟ್ರೇಲಿಯಾದ ಉದಾಹರಣೆ

ಇದು ಆಚರಣೆಯಲ್ಲಿ ಹೇಗಿರುತ್ತದೆ ಎಂಬುದಕ್ಕೆ ನ್ಯೂ ಸೌತ್ ವೇಲ್ಸ್ ಒಳ್ಳೆಯ ನಿದರ್ಶನ. ಅಲ್ಲಿ ಧರ್ಮಪ್ರಾಂತ್ಯಗಳು ಸಿಬ್ಬಂದಿ ಸಂಘದೊಡನೆ ಅವಧಿ ಒಪ್ಪಂದ ಮಾಡಿಕೊಳ್ಳುತ್ತವೆ. 2009ರ ಫೇರ್ ವರ್ಕ್ ಕಾಯಿದೆಯಂತೆ ಎರಡೂ ಕಡೆಯವರು ಸದ್ಭಾವನೆಯಿಂದ ಮಾತನಾಡಬೇಕು. ಮುಷ್ಕರಕ್ಕೆ ಮುನ್ನ ಸದಸ್ಯರ ಗುಪ್ತ ಮತದಾನ ಆಗಬೇಕು, ಮುಂಚಿತವಾಗಿ ನೋಟಿಸ್ ಕೊಡಬೇಕು.

2022ರಲ್ಲಿ ಮಾತುಕತೆ ಬಿಗಡಾಯಿತು. ಅಲ್ಲಿನ ಕ್ಯಾಥೊಲಿಕ್ ಶಾಲೆಗಳಿಗೆ ಹೆಚ್ಚಿನ ಹಣ ಸರಕಾರದಿಂದ ಬರುತ್ತದೆ, ವೇತನವೂ ಸರಕಾರಿ ಶಾಲೆಗಳನ್ನೇ ಅನುಸರಿಸುತ್ತದೆ. ರಾಜ್ಯ ಸರಕಾರ ವೇತನ ಏರಿಕೆಗೆ ಶೇ. 2.5ರ ಮಿತಿ ಹಾಕಿತ್ತು. ಸಂಘವು ಎರಡು ವರ್ಷಗಳಿಗೆ ಶೇ. 10ರಿಂದ 15ರಷ್ಟು ಏರಿಕೆ, ಸಹಾಯಕ ಸಿಬ್ಬಂದಿಗೆ ಸರಕಾರಿ ಶಾಲೆಗಳಿಗೆ ಸಮಾನ ವೇತನ ಮತ್ತು ಕಡತ ಕೆಲಸ ಕಡಿಮೆ ಮಾಡುವಂತೆ ಕೇಳಿತು. ಮೇ 27ರಂದು 500ಕ್ಕೂ ಹೆಚ್ಚು ಶಾಲೆಗಳ ಸಿಬ್ಬಂದಿ ಒಂದು ದಿನ ಮುಷ್ಕರ ಹೂಡಿದರು. ಜೂನ್ 30ರಂದು ಸರಕಾರಿ ಶಿಕ್ಷಕರ ಜತೆಗೂಡಿ ಮತ್ತೆ ಬೀದಿಗಿಳಿದರು. 2023ರಲ್ಲಿ ರಾಜ್ಯದಲ್ಲಿ ಸರಕಾರ ಬದಲಾಗಿ ಸರಕಾರಿ ಶಿಕ್ಷಕರ ವೇತನ ಏರಿದಾಗ ಕ್ಯಾಥೊಲಿಕ್ ಶಾಲೆಗಳಲ್ಲೂ ಏರಿತು.

ನಮ್ಮ ದೇಶದಲ್ಲಿ

ಇಲ್ಲಿ ಅನುದಾನಿತ ಹುದ್ದೆಯವರಿಗೆ ವೇತನ ಸರಕಾರದಿಂದ, ಅನುದಾನರಹಿತ ಶಾಲೆಯವರಿಗೆ ಆಡಳಿತ ಮಂಡಳಿಯಿಂದ. ಕಷ್ಟವಿರುವುದು ಹೆಚ್ಚಾಗಿ ಎರಡನೆಯವರಿಗೆ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ನೀಡಿದೆ. ಆದರೆ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ, ಅಂದು ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯಿದೆಯಡಿ ಶಿಕ್ಷಕರು 'ಕಾರ್ಮಿಕ'ರಲ್ಲ ಎಂದಿತು. ಹೀಗಾಗಿ ಕಾರ್ಮಿಕ ನ್ಯಾಯಾಲಯದ ದಾರಿ ಅವರಿಗೆ ಮುಚ್ಚಿತು.

ಅಲ್ಪಸಂಖ್ಯಾತರ ಹಕ್ಕು ಕಡಿಮೆ ವೇತನಕ್ಕೆ ನೆಪವಾಗಲಾರದು. ಫ್ರಾಂಕ್ ಆಂಟನಿ ಶಾಲೆಯ ಸಿಬ್ಬಂದಿ ಸಂಘ ಹೂಡಿದ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಶಿಕ್ಷಕರಿಗೆ ಗ್ರಾಚ್ಯುಟಿ ನೀಡುವ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯವಾಯಿತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಿಂಧು ಎಂದಿತು.

ನಾವು ಏನು ಮಾಡಬಹುದು?

ನೇಮಕಾತಿ ಪತ್ರ, ವೇತನ ಚೀಟಿ, ಭವಿಷ್ಯ ನಿಧಿ, ಗ್ರಾಚ್ಯುಟಿ ಇವು ದಾನವಲ್ಲ, ಹಕ್ಕು. ಚರ್ಚ್ ಪಾಲನಾ ಪರಿಷತ್ ಮತ್ತು ಶಾಲಾ ಆಡಳಿತದವರು ವರ್ಷಕ್ಕೊಮ್ಮೆಯಾದರೂ ಸಿಬ್ಬಂದಿಯ ಪ್ರತಿನಿಧಿಗಳನ್ನು ಕರೆದು, ಶಾಲೆಯ ಲೆಕ್ಕಪತ್ರವನ್ನು ಮುಂದಿಟ್ಟು ಮಾತನಾಡುವುದು ಒಳ್ಳೆಯದು. ಶುಲ್ಕ ಹೆಚ್ಚಿಸದೆ ವೇತನ ಹೆಚ್ಚಿಸುವುದು ಸುಲಭವಲ್ಲ ಎಂಬುದೂ ನಿಜ. ಆ ಕಷ್ಟವನ್ನು ಸಿಬ್ಬಂದಿಯೊಡನೆ ಹಂಚಿಕೊಂಡರೆ ಅವರಿಗೂ ಅರ್ಥವಾಗುತ್ತದೆ. ಮುಚ್ಚಿಟ್ಟರೆ ಸಂಶಯ ಬೆಳೆಯುತ್ತದೆ. ನ್ಯಾಯದ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ಶಾಲೆ, ಆ ಪಾಠ ಹೇಳುವವರಿಗೆ ಮೊದಲು ನ್ಯಾಯ ನೀಡಬೇಕು.