ಗೋಧಿ ಒಗ್ಗದ ಹೊಟ್ಟೆ

ನಮ್ಮ ಬ್ರಹ್ಮಸಮುದ್ರದಲ್ಲಿ ಸಮುದ್ರ ಹೆಸರಿಗೆ ಮಾತ್ರ ಐತೆ. ನನ್ನ ತಂಗಿಯ ಮೊಮ್ಮಗಳಿಗೆ ಬಂದ ಕಾಯಿಲೆಯ ಹೆಸರಲ್ಲೂ ಸಮುದ್ರ ಐತೆ ಅಂತ ಆಮೇಲೆ ಗೊತ್ತಾಯಿತು. ಥಲಸ್ಸೇಮಿಯಾ. ಗ್ರೀಕ್ ಭಾಷೆಯಲ್ಲಿ ಥಲಸ್ಸಾ ಅಂದರೆ ಸಮುದ್ರ. 1925ರಲ್ಲಿ ಅಮೆರಿಕದ ಡೆಟ್ರಾಯಿಟ್ ಊರಿನ ಮಕ್ಕಳ ಡಾಕ್ಟರು ಥಾಮಸ್ ಕೂಲಿ ಈ ಕಾಯಿಲೆಯನ್ನು ಗುರುತಿಸಿ ಬರೆದರು. ಆಗ ಕಂಡ ಮಕ್ಕಳು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೋದ ಮನೆತನದವರು, ಅದಕ್ಕೇ ಮುಂದೆ ಆ ಹೆಸರು ಬಿತ್ತು.

ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದ ದೋಷ ಮಗುವಿನಲ್ಲಿ ಕೂಡಿದರೆ ಮೈಯಲ್ಲಿ ಒಳ್ಳೆ ರಕ್ತ ಹುಟ್ಟಲ್ಲ. ಸೋದರಮಾವನಿಗೇ ಹೆಣ್ಣು ಕೊಡೋ ನಮ್ಮ ಕಡೆ ಹಿಂಗೆ ಕೂಡೋದು ಇನ್ನೂ ಸುಲಭ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಆ ರಕ್ತದಿಂದ ಕಬ್ಬಿಣದಂಶ ಮೈಯಲ್ಲಿ ಕೂಡಿಕೊಳ್ತದೆ, ಅದನ್ನು ಇಳಿಸೋಕೆ ಬೇರೆ ಔಷಧಿ.

ಇಷ್ಟೆಲ್ಲ ಮಾಡಿದರೂ ನಮ್ಮ ಹುಡುಗಿ ಬೆಳೀಲಿಲ್ಲ. ಎಂಟು ವರ್ಷಕ್ಕೂ ಐದು ವರ್ಷದವಳಂಗೆ ಕಾಣೋಳು. ಹೊಟ್ಟೆ ಉಬ್ಬರ, ಮತ್ತೆ ಮತ್ತೆ ಭೇದಿ. ಎಲ್ಲಾ ಆ ರಕ್ತದ್ದೇ ಅಂದುಕೊಂಡ್ವಿ. ನಾನೇ ಅವಳ ತಾಯಿಗೆ ಹೇಳಿದೆ, "ಮುದ್ದೆ ಬಿಡ್ಸಮ್ಮ, ಚಪಾತಿ ಕೊಡು, ಗೋಧಿ ಗಂಜಿ ಕುಡಿಸು, ಶಕ್ತಿ ಬರ್ತದೆ." ಆಕೆ ಮಾವ ಹೇಳಿದ್ದು ಅಂತ ಎರಡು ಹೊತ್ತೂ ಅದನ್ನೇ ಹಾಕಿದಳು.

ನನಗೆ ಆ ಬುದ್ಧಿ ಬಂದಿದ್ದು ಎಲ್ಲಿಂದ? ನಮ್ಮ ಅಜ್ಜಿ ಕಾಲಕ್ಕೆ ಗೋಧಿ ಅಂದರೆ ಹಬ್ಬದ ದಿನದ ಮಾತು. ಹೊಲದಲ್ಲಿ ರಾಗಿ, ನವಣೆ, ಸಜ್ಜೆ, ಜೋಳ. 1956ರ ಒಪ್ಪಂದದ ಮೇಲೆ ಅಮೆರಿಕದ ಗೋಧಿ ದೇಶಕ್ಕೆ ಬಂತು, 1965-66ರ ಬರದಾಗ ಹಡಗುಗಟ್ಟಲೆ ಬಂತು. ಶಾಲೆಯಲ್ಲಿ ಗೋಧಿ ನುಚ್ಚಿನ ಉಪ್ಪಿಟ್ಟು ತಿಂದೇ ನಾನು ಏಳನೇ ಕ್ಲಾಸ್ ಮುಗಿಸಿದ್ದು. ರಾಗಿ ಬಡವರದು, ಗೋಧಿ ಉಳ್ಳವರದು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಆದರೆ ಗೋಧಿಯಲ್ಲಿರೋ ಗ್ಲುಟನ್ ಅನ್ನೋ ಅಂಟು ಕೆಲವರ ಕರುಳಿಗೆ ಒಗ್ಗಲ್ಲ. ಒಳಗಿನ ಪದರ ಸವೆದು ಉಂಡಿದ್ದು ಮೈಗೆ ಹತ್ತಲ್ಲ. ಅದು ಸೀಲಿಯಾಕ್. ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲೇ ಇದರ ಬಗ್ಗೆ ಬರೆದು, ವಾಸಿಯಾದರೆ ಪಥ್ಯದಿಂದಲೇ ಅಂದಿದ್ದರು. ಯಾವ ಪಥ್ಯ? ಹಾಲೆಂಡಿನ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕ್ಕೆಗೆ ಯುದ್ಧಕ್ಕೂ ಮೊದಲೇ ಗೋಧಿ ಮೇಲೆ ಅನುಮಾನ ಇತ್ತು. 1944-45ರ ಚಳಿಗಾಲದಾಗ ಅಲ್ಲಿ ಕ್ಷಾಮ ಬಿದ್ದು ಬ್ರೆಡ್ ಸಿಗದಂಗಾಯಿತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆ ಮಕ್ಕಳು ಮಾತ್ರ ಚೇತರಿಸಿಕೊಂಡವು! 1950ರಲ್ಲಿ ಡಿಕ್ಕೆ ಇದನ್ನು ಪ್ರಬಂಧವಾಗಿ ಬರೆದರು.

ಎರಡೂ ಒಂದೇ ಮಗುವಿಗೆ ಬಂದಾಗ ತೊಡಕು ನೋಡಿ. ಸೀಲಿಯಾಕ್ ಮಕ್ಕಳಲ್ಲಿ ಕಬ್ಬಿಣದಂಶ ಸಾಮಾನ್ಯವಾಗಿ ಇಳೀತದೆ, ಡಾಕ್ಟರಿಗೆ ಅದೇ ಸುಳಿವು. ರಕ್ತ ಹಾಕಿಸೋ ಮಗುವಲ್ಲಿ ಅದು ಹೆಚ್ಚೇ ಇರ್ತದೆ, ಸುಳಿವು ಮುಚ್ಚಿಹೋಗ್ತದೆ. ಬೆಳವಣಿಗೆ ಕುಂಠಿತವಾದರೂ ರಕ್ತದ ಕಾಯಿಲೆ ಮೇಲೇ ಹಾಕ್ತಾರೆ.

ಕೊನೆಗೆ ಒಬ್ಬ ಡಾಕ್ಟರಮ್ಮ ಭೇದಿಯ ಮಾತು ಕೇಳಿ ರಕ್ತ ಪರೀಕ್ಷೆ ಬರೆದರು, ಆಮೇಲೆ ಬಾಯಿಂದ ನಳಿಗೆ ಬಿಟ್ಟು ಕರುಳು ನೋಡಿದರು. ಪರೀಕ್ಷೆ ಮುಗಿಯೋ ತನಕ ಗೋಧಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಗೊತ್ತಾಗಲ್ಲ ಅಂತಲೂ ಹೇಳಿದ್ದರು. ಈಗ ಗೋಧಿ, ಮೈದಾ, ರವೆ, ಬಿಸ್ಕತ್ತು ಬಂದ್. ಮುದ್ದೆ, ಅನ್ನ, ಜೋಳದ ರೊಟ್ಟಿ. ರಕ್ತ ಹಾಕಿಸೋದು ತಪ್ಪಿಲ್ಲ, ರಾಗಿ ಅದಕ್ಕೆ ಮದ್ದಲ್ಲ. ಭೇದಿ ನಿಂತೈತೆ, ಹೋದ ವರ್ಷದ ಲಂಗ ಈ ವರ್ಷ ಮೊಣಕಾಲಿಗೆ ಬಂದೈತೆ.

ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಲ್ಲೇ ರಾಗಿ ಬೀಸ್ತಾರೆ, ಅಷ್ಟು ಬೆರೆತರೂ ಕೆಡುಕು. ಅದಕ್ಕೆ ಹಿತ್ತಲಲ್ಲಿ ಬಿದ್ದಿದ್ದ ಅಜ್ಜಿಯ ಬೀಸೋಕಲ್ಲನ್ನು ಒಳಗೆ ತಂದ್ವಿ. ತಾಯಿಗೆ ಬೀಸೋ ಪದ ಬರಲ್ಲ. ನಾನು ಎದುರು ಕೂತು ಹೇಳಿಕೊಡ್ತಾ ಇದೀನಿ, ಹುಡುಗಿ ಹಿಡಿ ಹಿಡಿ ರಾಗಿ ಹಾಕ್ತಾಳೆ.